ತಂಬಿಗೆಗೊಂದು ಟೋಪಿ

ರಾತ್ರಿ ಎಂಟೂ ನಲವತ್ತಕ್ಕೆ ಶಾಲೆಯ ವಾಟ್ಸಾಪ್ ಗುಂಪು ಟಿಂಗ್ ಎಂದರೆ ನಮ್ಮ ಮನೆಯ ಕುಕ್ಕರ್ ಕೂಡ ಕೂಗುವುದನ್ನು ನಿಲ್ಲಿಸಿ ಕಿವಿ ಕೊಡುತ್ತದೆ. ಮೊನ್ನೆಯೂ ಹಾಗೇ ಆಯಿತು. "ಎರಡನೇ ತರಗತಿಯ ಮಕ್ಕಳು ನಾಳೆ 'ನಮ್ಮ ಸಹಾಯಕರು' ಪಾಠಕ್ಕೆ ಯೂನಿಫಾರ್ಮ್ ತೊಟ್ಟ ಒಬ್ಬ ಸಹಾಯಕರ ಚಿತ್ರ ಬಿಡಿಸಿ, ಬಣ್ಣ ತುಂಬಿ, ಎರಡು ವಾಕ್ಯ ಬರೆದು ತರಬೇಕು. ಪೋಷಕರು ಬಿಡಿಸಿಕೊಡಬಾರದು." ಕೊನೆಯ ವಾಕ್ಯದ ಪಕ್ಕದಲ್ಲಿ ಕೈಮುಗಿದ ಎರಡು ಗೊಂಬೆ. ಪಾಪ, ಮೇಡಂಗೆ ಪೋಷಕರ ಅನುಭವ ಸಾಕಷ್ಟಿದೆ.

"ಬಿಡಿಸಿಕೊಡಬಾರದು ಅಂದಿದ್ದಾರೆ, ಹೇಳಿಕೊಡಬಾರದು ಅಂದಿಲ್ಲ" ಎಂದು ನಾನು ಲುಂಗಿ ಎತ್ತಿ ಕಟ್ಟಿದೆ.

ಹೆಂಡತಿ ಚಪಾತಿ ಲಟ್ಟಿಸುತ್ತಿದ್ದವಳು ತಿರುಗಿ ನೋಡಿದಳು. "ನೀವಾ?" ಅಂದಳು. ಅವಳು ಮಂಗಳೂರಿನವಳು. ಮೈಸೂರಿನ ನಾವು ಒಂದು ಪುಟದಲ್ಲಿ ಹೇಳುವ ಅವಮಾನವನ್ನು ಅವಳು ಎರಡೇ ಅಕ್ಷರದಲ್ಲಿ ಮುಗಿಸುತ್ತಾಳೆ.

ನನ್ನ ಅರ್ಹತೆಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆ ಪಾಸು ಮಾಡಿದವನು. ಅಂದು ಮೇಜಿನ ಮೇಲೆ ಒಂದು ತಂಬಿಗೆ ಇಟ್ಟಿದ್ದರು. ಆರು ತಿಂಗಳು ಮನೆಯ ತಂಬಿಗೆಯನ್ನೇ ಎದುರಿಗಿಟ್ಟುಕೊಂಡು ಅಭ್ಯಾಸ ಮಾಡಿದ್ದ ನಾನು, ಬೆಳಕು, ನೆರಳು, ಹೊಟ್ಟೆಯ ಉಬ್ಬು, ಕಂಠದ ಅಂಚು ಎಲ್ಲವನ್ನೂ ಕಣ್ಣು ಮುಚ್ಚಿ ಬಿಡಿಸಿ ಗೆದ್ದೆ. ಮರುವರ್ಷ ಹೈಯರ್ ಗ್ರೇಡಿಗೆ ಕೂತೆ. ಅವರು ತಂಬಿಗೆ ಇಡಲಿಲ್ಲ. ಅಲ್ಲಿಗೆ ನನ್ನ ಕಲಾಜೀವನ ಮುಗಿಯಿತು. ನಮ್ಮೂರಿನಲ್ಲೇ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರನ್ನು ಮುಂಬೈಯ ಜೆ.ಜೆ. ಕಲಾಶಾಲೆಯವರು ಸೇರಿಸಿಕೊಳ್ಳಲಿಲ್ಲವಂತೆ. ನನ್ನನ್ನು ಹೈಯರ್ ಗ್ರೇಡಿನವರು ಸೇರಿಸಿಕೊಳ್ಳಲಿಲ್ಲ. ಅಲ್ಲಿಯವರೆಗೆ ನಮ್ಮಿಬ್ಬರ ಜೀವನ ಒಂದೇ ರೀತಿ ಸಾಗಿದೆ. ಆಮೇಲೆ ಅವರು ಕಾಗೆಗಳನ್ನು ಅದ್ಭುತವಾಗಿ ಬಿಡಿಸಿದರು, ನನ್ನದು ಬರೀ ಕಾಗೆ ಕಾಲು ಗುಬ್ಬಿ ಕಾಲು.

ಚಿತ್ರಕ್ಕೆ ಕೂರುವ ಮೊದಲು ಯಾವ ಸಹಾಯಕ ಎಂಬ ಪ್ರಶ್ನೆ ಎದ್ದಿತು. ನಮ್ಮ ಮನೆಯಲ್ಲಿ ನಾಲ್ಕು ಜನ, ಅಭಿಪ್ರಾಯ ಐದು.

"ಪೋಸ್ಟ್‌ಮ್ಯಾನ್ ಬಿಡಿಸು ಮಗು" ಎಂದರು ನಮ್ಮಮ್ಮ. "ನಿಮ್ಮ ತಾತ ನನ್ನ ನೋಡೋಕೆ ಬರೋ ಕಾಗದ ತಂದುಕೊಟ್ಟೋನು ಅವನೇ."

"ಅದು ಸಹಾಯವಾ ಅತ್ತೆ?" ಎಂದು ಹೆಂಡತಿ ನನ್ನನ್ನು ನೋಡುತ್ತಾ ಕೇಳಿದಳು. ಅವಳ ಆಯ್ಕೆ ಡಾಕ್ಟರು. "ಬಿಳಿ ಕೋಟು ಅಲ್ವಾ, ಬಣ್ಣ ಹಾಕ್ಲಿಕ್ಕೇ ಇಲ್ಲ. ಒಂಬತ್ತು ಗಂಟೆಗೆ ಮಲಗಬಹುದು."

ಇಷ್ಟು ಪ್ರಾಯೋಗಿಕವಾಗಿ ಯೋಚಿಸುವವರಿಂದ ಕಲೆ ಉದ್ಧಾರವಾಗುವುದಿಲ್ಲ. ನಾನು ಪೊಲೀಸ್ ಎಂದು ತೀರ್ಮಾನಿಸಿದೆ. ಮಗಳು ಪುಟ್ಟಿ ಏನೋ ಹೇಳಲು ಬಾಯಿ ತೆರೆದಳು. "ನೀನು ಸುಮ್ಮನೆ ನೋಡಿ ಕಲಿತುಕೋ" ಎಂದೆ. ಇಡೀ ರಾತ್ರಿಯ ದುರಂತದ ಬೀಜ ಬಿದ್ದದ್ದು ಅಲ್ಲೇ.

ಮನುಷ್ಯನ ಎತ್ತರ ಅವನ ತಲೆಯ ಏಳೂವರೆಯಷ್ಟು ಎಂಬುದು ಚಿತ್ರಕಲೆಯ ಮೊದಲ ಪಾಠ. ಅದನ್ನು ಗಂಭೀರವಾಗಿ ವಿವರಿಸಿ, ಹಾಳೆಯ ಮೇಲ್ಭಾಗದಲ್ಲಿ ಒಂದು ತಲೆ ಬರೆದೆ. ಚೆನ್ನಾಗಿಯೇ ಬಂತು, ಸ್ವಲ್ಪ ದೊಡ್ಡದಾಯಿತು ಅಷ್ಟೆ. ಅಳೆದುಕೊಂಡು ಇಳಿದರೆ ನಾಲ್ಕನೇ ತಲೆಗೇ ಹಾಳೆ ಮುಗಿಯಿತು. ಪೊಲೀಸಪ್ಪನಿಗೆ ತೊಡೆಯಿಂದ ಕೆಳಗೆ ಜಾಗವೇ ಇಲ್ಲ.

"ಕಾಲೆಲ್ಲೋ?" ಎಂದರು ಅಮ್ಮ.

"ಕಾಂಪೌಂಡ್ ಹಿಂದೆ ನಿಂತಿದಾನೆ" ಎಂದು ಅಡ್ಡಕ್ಕೊಂದು ಗೋಡೆ ಎಳೆದೆ.

ಆಮೇಲೆ ಕೈ. ಐದು ಬೆರಳು ಬರೆಯುವುದು ಎಷ್ಟು ಕಷ್ಟ ಎಂದು ಬರೆದವರಿಗೇ ಗೊತ್ತು. ಮೂರು ಸಲ ಅಳಿಸಿದ ಮೇಲೂ ಅಂಗೈಯಿಂದ ಬಾಳೆಗೊನೆಯೇ ಇಳಿಬಿದ್ದಿತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿದೆ. "ಡ್ಯೂಟಿಲಿ ಇರೋರು ಹೀಗೇ ನಿಲ್ಲೋದು" ಎಂದೆ. ಮುಖ ಬರೆದಾಗ ಅದು ನಮ್ಮ ಸೋದರಮಾವನಂತೆ ಕಂಡಿತು. ಅವರಿಗೂ ನಮಗೂ ಮಾತಿಲ್ಲದ್ದರಿಂದ ಮುಖವನ್ನು ಆ ಕಡೆ ತಿರುಗಿಸಿದೆ.

ಕಾಲಿಲ್ಲ, ಕೈಯಿಲ್ಲ, ಮುಖವಿಲ್ಲ. ಉಳಿದದ್ದು ಹೊಟ್ಟೆ. ಅದರಲ್ಲಿ ಮಾತ್ರ ನನ್ನ ಪೆನ್ಸಿಲ್ಲು ತಾನೇ ತಾನಾಗಿ ಓಡಿತು. ಉಬ್ಬು, ಬೆಳಕು, ನೆರಳು, ಮೇಲೆ ಕಂಠ, ಕಂಠಕ್ಕೊಂದು ಅಂಚು. ಮೂರು ದಶಕದ ಹಿಂದಿನ ಕೈ ಇನ್ನೂ ಮರೆತಿರಲಿಲ್ಲ.

ಪುಟ್ಟಿ ಹಾಳೆಯನ್ನು ಒಮ್ಮೆ ಸೊಟ್ಟಗೆ, ಒಮ್ಮೆ ನೆಟ್ಟಗೆ ಹಿಡಿದು ನೋಡಿದಳು. "ಅಪ್ಪ, ಇದು ತಂಬಿಗೆ."

"ಟೋಪಿ ಹಾಕ್ತೀನಿ ತಾಳು. ಆಮೇಲೆ ಪೊಲೀಸ್ ಆಗತ್ತೆ."

"ಟೋಪಿ ಹಾಕೋದ್ರಲ್ಲಿ ನಿಮ್ಮಪ್ಪ ಹುಷಾರು" ಎಂದಳು ಹೆಂಡತಿ. "ನನ್ನ ನೋಡ್ಲಿಕ್ಕೆ ಬಂದಾಗ ಚಿತ್ರಕಲಾವಿದ ಅಂತ ಹೇಳಿದ್ದು ಇವರೇ."

ಟೋಪಿಯ ವಿಷಯಕ್ಕೆ ಬಂದರೆ ನನಗೆ ಯಾರ ಹಂಗೂ ಇರಲಿಲ್ಲ. ನಮ್ಮ ಕರ್ನಾಟಕದ ಕಾನ್‌ಸ್ಟೇಬಲ್ಲಿನ ಟೋಪಿ ಎಂದರೆ ದೇಶಕ್ಕೇ ಬೇರೆ. ಅಗಲವಾದ ಅಂಚು, ಒಂದು ಬದಿ ಮಡಚಿ ಮೇಲಕ್ಕೆ ಎತ್ತಿರುತ್ತದೆ. ಸ್ಲೋಚ್ ಹ್ಯಾಟು! ಅದನ್ನು ಬಿಡಿಸಿ ಎತ್ತಿದ ಅಂಚನ್ನು ಎಡಕ್ಕೆ ಹಾಕಿದೆ.

"ಬಲಕ್ಕೆ" ಎಂದಳು ಹೆಂಡತಿ.

"ಎಡಕ್ಕೆ."

"ಮಾರಾಯ್ರೆ, ನಮ್ಮ ಮನೆ ಎದುರಿಗೇ ಸ್ಟೇಷನ್ ಇತ್ತು. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ."

"ನೀನು ಮನೆಯಿಂದ ನೋಡಿದೀಯ, ಅವರ ಎಡ ನಿನಗೆ ಬಲ."

"ಬೆನ್ನು ತಿರುಗಿಸಿದಾಗ?"

ಈ ಪ್ರಶ್ನೆಗೆ ಉತ್ತರ ಹೇಳಲು ನಾನು ಎದ್ದು ನಿಂತು, ನೆಟಿಗೆ ತೆಗೆಯುವ ಹಾಗೆ ಹಿಂದೆ ಮುಂದೆ ತಿರುಗಿ ತೋರಿಸಬೇಕಾಯಿತು. ಅಮ್ಮ ನಡುವೆ ಬಾಯಿ ಹಾಕಿ, "ನಮ್ಮ ಕಾಲದಲ್ಲಿ ಪೊಲೀಸ್ನೋರು ಚಡ್ಡಿ ಹಾಕ್ತಿದ್ರು ಕಣೋ" ಎಂದರು. ಪುಟ್ಟಿ ಚಡ್ಡಿ ಚಡ್ಡಿ ಎಂದು ನಕ್ಕು ನಕ್ಕು ಸೋಫಾದಿಂದ ಉರುಳಿದಳು. ಸಮಾಧಾನ ಮಾಡಿ, ನೀರು ಕುಡಿಸಿ, ಮತ್ತೆ ಎಡಬಲಕ್ಕೆ ಬರುವಷ್ಟರಲ್ಲಿ ಹತ್ತು ಗಂಟೆ.

ಆಗ ಪುಟ್ಟಿ, ದೊಡ್ಡವರ ಜಗಳ ಮುಗಿಯಲಿ ಎಂದು ಕಾದಿದ್ದವಳಂತೆ, ಮೆಲ್ಲಗೆ ಹೇಳಿದಳು: "ಅಪ್ಪ, ಈಗ ಆ ಟೋಪಿ ಇಲ್ಲ. ನೀಲಿ ಟೋಪಿ ಬಂದಿದೆ. ನಮ್ಮ ಸ್ಕೂಲ್ ಸರ್ಕಲ್ಲಲ್ಲಿ ಪೊಲೀಸ್ ಅಂಕಲ್ ಹಾಕ್ಕೊಂಡಿರ್ತಾರೆ."

ಫೋನು ತೆರೆದು ನೋಡಿದರೆ ಹೌದು. 2025ರ ಅಕ್ಟೋಬರ್ 28ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಧಾನಸೌಧದಲ್ಲಿ ಕಾನ್‌ಸ್ಟೇಬಲ್ಲುಗಳಿಗೆ ಕಡುನೀಲಿ ಪೀಕ್ ಕ್ಯಾಪ್ ತೊಡಿಸಿ, ಹಳೆಯ ಸ್ಲೋಚ್ ಹ್ಯಾಟಿಗೆ ವಿದಾಯ ಹೇಳಿಯಾಗಿದೆ. ಓಡುವಾಗ ಬೀಳುತ್ತದೆ, ಬಿಸಿಲಿಗೆ ಹಿಂಸೆ ಎಂದು ಸಿಬ್ಬಂದಿ ಬಹಳ ಕಾಲದಿಂದ ಗೊಣಗುತ್ತಿದ್ದ ಟೋಪಿ ಅದು. ಮುಖ್ಯಮಂತ್ರಿಗಳಿಗೆ ಗೊತ್ತು, ಗೃಹ ಇಲಾಖೆಗೆ ಗೊತ್ತು, ಎರಡನೇ ಕ್ಲಾಸಿನ ಹುಡುಗಿಗೆ ಗೊತ್ತು. ರಸ್ತೆಯಲ್ಲಿ ಪೊಲೀಸರನ್ನು ಕಂಡೊಡನೆ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡು ಎತ್ತಲೋ ನೋಡುವ ನನಗೆ ಮಾತ್ರ ಗೊತ್ತಿಲ್ಲ.

"ಪೇಪರ್ ಓದುದು ದಿನಾ ಒಂದು ಗಂಟೆ" ಎಂದು ಹೆಂಡತಿ ಗೋಡೆಗೆ ಹೇಳಿದಳು.

ಟೋಪಿ ಅಳಿಸಿದೆ. ಅಳಿಸಿದ ರಭಸಕ್ಕೆ ಪೊಲೀಸಪ್ಪನ ಅರ್ಧ ತಲೆಯೂ ಹೋಯಿತು. ಅದರ ಮೇಲೇ ಒಂದು ಪೀಕ್ ಕ್ಯಾಪ್ ಕೂರಿಸಿದೆ. ಈಗ ಅದು ಮುಚ್ಚಳ ಹಾಕಿದ ತಂಬಿಗೆ.

ಇನ್ನು ಬಣ್ಣ. ಹನ್ನೆರಡು ಕ್ರೆಯಾನಿನ ಡಬ್ಬಿಯಲ್ಲಿ ಗುಲಾಬಿ ಇದೆ, ನೇರಳೆ ಇದೆ, ಯಾವ ಮಗುವೂ ಮುಟ್ಟದ ಬಿಳಿ ಕೂಡ ಇದೆ. ಖಾಕಿ ಇಲ್ಲ. ಇದೆಂಥ ವಿಪರ್ಯಾಸ ನೋಡಿ. ಈ ದೇಶದಲ್ಲಿ ಪೊಲೀಸಿಗೆ ಖಾಕಿ, ಪೋಸ್ಟ್‌ಮ್ಯಾನಿಗೆ ಖಾಕಿ, ಸರ್ಕಾರಿ ಬಸ್ಸಿನ ಡ್ರೈವರಿಗೆ, ಕಂಡಕ್ಟರಿಗೆ ಖಾಕಿ, ಆಟೋದವರಿಗೆ ಖಾಕಿ, ಅಗ್ನಿಶಾಮಕ ದಳಕ್ಕೆ ಖಾಕಿ, ಹೋಂಗಾರ್ಡಿಗೆ ಖಾಕಿ. ಟ್ರಾಫಿಕ್ ಪೊಲೀಸರು ಬಿಳಿ ಅಂಗಿ ತೊಟ್ಟು ತಪ್ಪಿಸಿಕೊಂಡರು ಅಂದುಕೊಂಡರೆ ಪ್ಯಾಂಟು ಖಾಕಿ. ಸಹಾಯ ಮಾಡುವ ಬಣ್ಣವನ್ನೊಂದು ಬಿಟ್ಟು ಮಿಕ್ಕ ಬಣ್ಣವನ್ನೆಲ್ಲ ಮಕ್ಕಳ ಡಬ್ಬಿಗೆ ತುಂಬಿದ್ದಾರೆ.

"ಖಾಕಿ ನಮ್ಮದು" ಎಂದಳು ಹೆಂಡತಿ, ಒಮ್ಮೆಲೇ ಚುರುಕಾಗಿ.

"ನಿಮ್ಮದು ಅಂದ್ರೆ?"

"ಮಂಗಳೂರಿಂದು. ಬಲ್ಮಠದಲ್ಲಿ ಬಾಸೆಲ್ ಮಿಶನ್‌ನವರ ನೇಯ್ಗೆ ಕಾರ್ಖಾನೆ ಇತ್ತು. 1850ರ ಸುಮಾರಿಗೆ ಜಾನ್ ಹಾಲರ್ ಅಂತ ಒಬ್ರು ಅಲ್ಲೇ ಖಾಕಿ ಬಣ್ಣ ಕಂಡುಹಿಡಿದದ್ದು. ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತುಂಟು."

ಮದುವೆಯಾದಂದಿನಿಂದ ಈ ಪಟ್ಟಿ ಬೆಳೆಯುತ್ತಲೇ ಇದೆ. ಮೊದಲ ಕನ್ನಡ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ, ಅವರದ್ದು. ನಮ್ಮ ಮನೆಯ ಮೇಲಿನ ಹೆಂಚು ಅವರದ್ದು. ಮನೆ ಮಾತ್ರ ನಮ್ಮದು, ಅದೂ ಬಾಡಿಗೆಗೆ. ನಾನೂ ಬಿಡಲಿಲ್ಲ. ಫೋನಿನಲ್ಲಿ ಹುಡುಕಿ, "1846ರಲ್ಲೇ ಪೇಶಾವರದಲ್ಲಿ ಲಮ್ಸ್‌ಡೆನ್ ಅನ್ನೋನು ಒಂದು ದಳ ಕಟ್ಟಿದ. ಖಾಕಿ ಉಡುಪು ಶುರುವಾಗಿದ್ದೇ ಅವರಿಂದ ಅಂತ ಇದೆ ನೋಡು. ಖಾಕ್ ಅಂದ್ರೆ ಧೂಳು, ಮಣ್ಣು" ಎಂದೆ.

"ಅವರು ಹಾಕಿದ್ದಿರಬಹುದು. ತೊಳೆದರೆ ಹೋಗದ ಹಾಗೆ ಮಾಡಿದ್ದು ನಾವು."

ಈ ವಾದದಲ್ಲಿ ಗೆಲ್ಲುವ ಆಸೆ ನನಗಿರಲಿಲ್ಲ. ಬೇಕಾಗಿದ್ದದ್ದು ಒಂದು ಅಂಗಿಗಾಗುವಷ್ಟು ಬಣ್ಣ. ಮೊದಲು ಹಳದಿ ಹಚ್ಚಿದೆ. ಅದರ ಮೇಲೆ ಕಂದು. ಕೆಂಪಾಯಿತು ಎಂದು ಸ್ವಲ್ಪ ಹಸಿರು. ಹಸಿರಾಯಿತು ಎಂದು ಸ್ವಲ್ಪ ಕಪ್ಪು. ಬೆರಳಿನಲ್ಲಿ ಚೆನ್ನಾಗಿ ಉಜ್ಜಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಪುಳಿಯೋಗರೆ ಗೊಜ್ಜು ಈ ಹದಕ್ಕೆ ಬಂದಾಗ ಒಲೆ ಆರಿಸಬೇಕು" ಎಂದರು.

ಆಗ ನನಗೊಂದು ಹೊಳಹು ಬಂತು. ಹೊಳಹು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಒಡೆಯುತ್ತದೆ. ಖಾಕ್ ಎಂದರೆ ಮಣ್ಣು ತಾನೆ? ಹಾಗಾದರೆ ಬಣ್ಣ ಕಲಸುವುದೇಕೆ? ಕತ್ತಲಲ್ಲಿ ಹಿತ್ತಲಿಗೆ ಹೋಗಿ ಕೈಗೆ ಸಿಕ್ಕ ಕುಂಡದಿಂದ ಒಂದು ಹಿಡಿ ಮಣ್ಣು ತಂದು, ನೀರು ಬೆರೆಸಿ, ಹತ್ತಿಯಲ್ಲಿ ಅದ್ದಿ ಪೊಲೀಸಪ್ಪನಿಗೆ ಬಳಿದೆ. ಆಹಾ! ಅಪ್ಪಟ ಖಾಕಿ! ಇಸ್ತ್ರಿ ಹಾಕಿದ ಹಾಗೆ ಕಂಡಿತು. ಕರೆದು ತೋರಿಸುವಷ್ಟರಲ್ಲಿ ಹಾಳೆ ನೆನೆದು, ಹೊಟ್ಟೆಯ ಹತ್ತಿರ ಉಬ್ಬಿ, ಪೊಲೀಸಪ್ಪ ನಡುವಿನಿಂದ ಎರಡು ಹೋಳಾದ. ಮೇಲಿನ ಹೋಳು ಟೋಪಿ ಸಮೇತ ಜಾರಿ ನನ್ನ ಲುಂಗಿಯ ಮೇಲೆ ಬಿತ್ತು.

"ಆ ಮಣ್ಣು ಎಲ್ಲಿಂದ ತಂದೆ?" ಎಂದರು ಅಮ್ಮ. ದನಿಯಲ್ಲೇನೋ ಇತ್ತು.

"ಹಿತ್ತಲಿಂದ."

"ಹಿತ್ತಲಲ್ಲಿ ಇರೋದು ಒಂದೇ ಕುಂಡ."

ತುಳಸಿ ಕುಂಡ. ಅಲ್ಲಿಂದ ಮುಂದಿನ ಕಾಲು ಗಂಟೆ ನಮ್ಮ ವಂಶದಲ್ಲಿ ಯಾರ್‍ಯಾರು ಹೇಗೆ ಹೇಗೆ ಹಾಳಾದರು ಎಂಬ ವಿಷಯವನ್ನು ಅಮ್ಮ ಕ್ರಮಬದ್ಧವಾಗಿ ನಿರೂಪಿಸಿದರು. ಅದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಮೌನ ನೆಲೆಸಿದ ಮೇಲೆ ನೋಡಿದರೆ ಪುಟ್ಟಿ ಇಲ್ಲ. ಊಟದ ಮೇಜಿನ ಕೆಳಗೆ ಬೋರಲು ಮಲಗಿ, ಯಾರದೋ ಮದುವೆ ಕಾಗದದ ಹಿಂಬದಿಯಲ್ಲಿ ತನ್ನಷ್ಟಕ್ಕೆ ಚಿತ್ರ ಬಿಡಿಸುತ್ತಿದ್ದಳು. ಎಷ್ಟು ಹೊತ್ತಿನಿಂದಲೋ! ಬಗ್ಗಿ ಇಣುಕಿದೆ. ಕುಂಬಳಕಾಯಿಯಷ್ಟು ದೊಡ್ಡ ತಲೆ, ಕಡ್ಡಿಯಂಥ ಕೈ, ಆ ಕೈಯಲ್ಲಿ ಮುಖದಷ್ಟೇ ದೊಡ್ಡ ಒಂದು ಸೀಟಿ.

"ತಪ್ಪು ಪುಟ್ಟಿ. ತಲೆ ಏಳೂವರೆ..." ಎಂದು ಶುರು ಮಾಡಿದೆ.

ಅಷ್ಟರಲ್ಲಿ ಹೆಂಡತಿ ಫೋನಿನಲ್ಲಿ ಯಾವುದೋ ಪುಟ ತೆರೆದು ನನ್ನ ಮೂಗಿನ ಮುಂದೆ ಹಿಡಿದಳು. ವಿಕ್ಟರ್ ಲೊವೆನ್‌ಫೆಲ್ಡ್ ಎಂಬ ವಿದ್ವಾಂಸರು 1947ರಷ್ಟು ಹಿಂದೆಯೇ ಮಕ್ಕಳ ಚಿತ್ರಗಳ ಮೇಲೆ ದೊಡ್ಡ ಪುಸ್ತಕ ಬರೆದಿದ್ದಾರೆ. ಈ ವಯಸ್ಸಿನ ಮಕ್ಕಳು ಅಳತೆ ನೋಡಿ ಬಿಡಿಸುವುದಿಲ್ಲ, ತಮಗೆ ಯಾವುದು ಮುಖ್ಯವೋ ಅದನ್ನು ದೊಡ್ಡದು ಮಾಡುತ್ತಾರೆ, ಜೇಬಿನೊಳಗಿರುವುದೂ ಹೊರಗಿನಿಂದ ಕಾಣುವಂತೆ ಬಿಡಿಸುತ್ತಾರೆ. ಅದು ತಪ್ಪಲ್ಲ, ಬೆಳವಣಿಗೆ. ದೊಡ್ಡವರು ತಿದ್ದಲು ಹೋಗಬಾರದು.

"ಇನ್ನೊಮ್ಮೆ ಓದಿ" ಎಂದಳು ಹೆಂಡತಿ. "ಕೊನೆಯ ಸಾಲು."

"ಯಾರಮ್ಮ ಇದು?" ಎಂದು ಅಮ್ಮ ಮೇಜಿನ ಕೆಳಗೇ ಕೇಳಿದರು.

"ಬೆಳಗ್ಗೆ ಬರೋ ಅಕ್ಕ. ಕಸದ ಗಾಡಿ ಅಕ್ಕ."

ನಮ್ಮ ಬೀದಿಗೆ ದಿನಾ ಬೆಳಗ್ಗೆ ಸೀಟಿ ಊದುತ್ತಾ ಬರುವ ಪೌರಕಾರ್ಮಿಕ ಹೆಂಗಸು. ಸೀಟಿ ಕೇಳಿದ ಮೇಲೇ ನಾನು ಏಳುವುದು. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ಮೈಸೂರು ದೇಶಕ್ಕೇ ಮೊದಲ ಸ್ಥಾನ ಪಡೆದದ್ದನ್ನು, ನಾನೇ ಪೊರಕೆ ಹಿಡಿದಿದ್ದವನಂತೆ, ಮಂಗಳೂರಿನ ನೆಂಟರೆದುರು ಇಂದಿಗೂ ಹೇಳುತ್ತೇನೆ. ಸೆಪ್ಟೆಂಬರ್ 23 ಬಂದರೆ ಪೌರಕಾರ್ಮಿಕರ ದಿನದ ಶುಭಾಶಯವನ್ನು ಸ್ಟೇಟಸ್ಸಿಗೆ ಹಾಕಲು ಮರೆಯುವುದಿಲ್ಲ. ಹಾಗಾಗಿ ಅಧಿಕಾರದಿಂದಲೇ ಹೇಳಿದೆ: "ಹಸಿರು ಕೋಟು ಹಾಕು. ಅವರದು ಹಸಿರು."

"ನೀಲಿ ಅಲ್ವಾ?" ಎಂದಳು ಹೆಂಡತಿ.

"ಅವಳು ಕೋಟೇ ಹಾಕಲ್ಲ, ಬರೀ ಸೀರೆ" ಎಂದರು ಅಮ್ಮ.

ಪುಟ್ಟಿ ಮೂವರನ್ನೂ ಒಂದು ಸುತ್ತು ನೋಡಿದಳು. ಪರೀಕ್ಷೆಯಲ್ಲಿ ಮೂವರು ಫೇಲಾದಾಗ ಮೇಷ್ಟರು ನೋಡುವ ನೋಟ. "ಕಿತ್ತಳೆ ಜಾಕೆಟ್ಟು. ಹೊಳೆಯೋ ಪಟ್ಟಿ ಇದೆ. ಜಿಪ್ಪು ಕೆಟ್ಟಿದೆ, ಅದಕ್ಕೆ ಪಿನ್ನು ಹಾಕ್ಕೊಂಡಿದಾರೆ. ಒಂದು ಕೈಗೆ ಮಾತ್ರ ಗ್ಲೌಸು. ಇನ್ನೊಂದರಲ್ಲಿ ಸೀಟಿ ಹಿಡ್ಕೋಬೇಕಲ್ಲ."

ಕಿತ್ತಳೆ ಬಣ್ಣ ಡಬ್ಬಿಯಲ್ಲಿತ್ತು. ಬೆಳ್ಳಿ ಬಣ್ಣ ಇರಲಿಲ್ಲ. ಅವಳು ನನ್ನ ಹಾಗೆ ಹಿತ್ತಲಿಗೆ ಓಡಲಿಲ್ಲ. ಚಾಕಲೇಟಿನ ಜರಿ ಕಾಗದ ಕತ್ತರಿಸಿ ಅಂಟಿಸಿದಳು. ಎದೆಯ ಮೇಲೆ ಒಂದು ಪಿನ್ನನ್ನೂ ಬಿಡಿಸಿದಳು, ಸೀಟಿಯ ಅರ್ಧದಷ್ಟು ದೊಡ್ಡದು. ಜಾಕೆಟ್ಟಿನ ಜೇಬಿನೊಳಗೆ ಒಂದು ಎಲೆಯಡಿಕೆ ಚೀಲ ಇರುವುದು ಹೊರಗಿನಿಂದಲೇ ಸ್ಪಷ್ಟವಾಗಿ ಕಾಣುತ್ತಿತ್ತು. ಲೊವೆನ್‌ಫೆಲ್ಡ್ ಇದ್ದಿದ್ದರೆ ಕೈ ಕುಲುಕುತ್ತಿದ್ದರು.

ಆಮೇಲೆ ಅವಳು ಪೆನ್ಸಿಲ್ಲನ್ನು ನನ್ನ ಕಡೆ ಚಾಚಿದಳು. "ಅಪ್ಪ, ಇಲ್ಲಿ ಒಂದು ತಂಬಿಗೆ ಬಿಡಿಸಿಕೊಡು."

"ತಂಬಿಗೆಯಾ?"

"ಗಾಡಿ ಬಂದಾಗ ಅಜ್ಜಿ ನೀರು ಕೊಡ್ತಾರಲ್ಲ, ಆ ತಂಬಿಗೆ. ನನಗೆ ಅದು ಬರಲ್ಲ. ನಿನಗೆ ಅದೊಂದು ಬರತ್ತೆ."

ಹೆಂಡತಿ ಕೆಮ್ಮಿದಳು. ಪೋಷಕರು ಬಿಡಿಸಬಾರದು ಎಂಬ ನಿಯಮ ನನಗೂ ನೆನಪಿತ್ತು. ಆದರೆ ತಂಬಿಗೆ ಬಿಡಿಸಿಕೊಡು ಎಂದು ಯಾರಾದರೂ ತಾವಾಗಿ ಬಂದು ಕೇಳಿದ್ದು ಜೀವನದಲ್ಲೇ ಮೊದಲು. ಮೇಜಿನ ಕೆಳಗೆ ನಾನೂ ಬೋರಲು ಮಲಗಿ, ಮೂಲೆಯಲ್ಲಿ ಹೆಬ್ಬೆರಳಷ್ಟು ಗಾತ್ರದ ತಂಬಿಗೆ ಬಿಡಿಸಿದೆ. ಉಬ್ಬು, ಕಂಠ, ಅಂಚು. ಅಲ್ಲಿಗೆ ನಿಲ್ಲಿಸಬಹುದಿತ್ತು. ಎಡಗಡೆ ಬೆಳಕಿನ ಒಂದು ಹೊಳಪು, ಬಲಗಡೆ ಮೂರು ಪದರದ ನೆರಳು, ನೆಲದ ಮೇಲೆ ಬಿದ್ದ ಛಾಯೆ ಎಲ್ಲವನ್ನೂ ಹಾಕಿದ ಮೇಲೇ ಮನಸ್ಸು ತಣಿದದ್ದು.

ಕೆಳಗೆ ಪುಟ್ಟಿ ತನ್ನ ಎರಡು ವಾಕ್ಯ ಬರೆದಳು: "ಇವರು ಕಸದ ಗಾಡಿ ಅಕ್ಕ. ನಮ್ಮ ಅಪ್ಪ ಹಸಿ ಕಸ ಒಣ ಕಸ ಸೇರಿಸಿ ಕೊಟ್ಟರೆ ಬೈಯುತ್ತಾರೆ."

"ಎರಡನೇ ವಾಕ್ಯ ಬದಲಾಯಿಸೋಣ ಪುಟ್ಟಿ" ಎಂದೆ.

"ತಿದ್ದಬಾರದು. ಅಮ್ಮ ಓದಿ ಹೇಳಿದ್ರಲ್ಲ."

ಮರುದಿನ ಬೆಳಗ್ಗೆ ಸೀಟಿ ಕೇಳಿಸುವ ಮೊದಲೇ ಎದ್ದೆ. ಎರಡು ಬಕೆಟ್ಟು ಬೇರೆ ಬೇರೆ ಹಿಡಿದು ಗೇಟಿನಲ್ಲಿ ನಿಂತೆ. ಗಾಡಿ ಬಂತು. ಜಾಕೆಟ್ಟು ಕಿತ್ತಳೆಯೇ. ಪಿನ್ನೂ ಇತ್ತು. ಒಂದೇ ಗ್ಲೌಸು. ಅವರು ಒಣ ಕಸದ ಬಕೆಟ್ಟಿಗೆ ಕೈ ಹಾಕಿ, ಮಣ್ಣು ಮೆತ್ತಿಕೊಂಡ ಪೊಲೀಸಪ್ಪನ ಎರಡು ಹೋಳನ್ನು ಎತ್ತಿ ಹಿಡಿದರು.

"ಇದೇನ್ ಸ್ವಾಮಿ, ಹಸೀದೋ ಒಣಗಿದ್ದೋ?"

"ತಂಬಿಗೆ" ಎಂದುಬಿಟ್ಟೆ, ಅಭ್ಯಾಸಬಲದಿಂದ.

ಅವರು ಅದನ್ನೂ ನನ್ನನ್ನೂ ಒಂದು ಸಲ ನೋಡಿ, ಹೋಳುಗಳನ್ನು ಹಸಿ ಕಸಕ್ಕೆ ಹಾಕಿ, ಸೀಟಿ ಊದಿಕೊಂಡು ಮುಂದೆ ಹೋದರು.

ಸಂಜೆ ಪುಟ್ಟಿ ಶಾಲೆಯಿಂದ ಬಂದವಳೇ ಬ್ಯಾಗು ತೆರೆದು ಚಿತ್ರ ತೋರಿಸಿದಳು. ಮೇಲ್ಗಡೆ ಒಂದು ಕೆಂಪು ನಕ್ಷತ್ರ. ಪಿನ್ನಿನ ಪಕ್ಕದಲ್ಲಿ ಪುಟ್ಟ ರೈಟ್ ಮಾರ್ಕು. ಎರಡನೇ ವಾಕ್ಯದ ಕೆಳಗೆ ಮೇಡಂ ಗೆರೆ ಎಳೆದು ನಗುವ ಮುಖ ಬರೆದಿದ್ದರು. ಆಮೇಲೆ ಮೂಲೆಯ ಕಡೆಗೆ ಹೊರಟ ಒಂದು ಉದ್ದನೆಯ ಬಾಣ, ನೇರವಾಗಿ ತಂಬಿಗೆಯ ಹೊಟ್ಟೆಗೆ ಚುಚ್ಚಿ ನಿಂತಿತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ: "ಇದನ್ನು ಬಿಡಿಸಿದ್ದು ಯಾರು?"

"ಬೈಸಿಕೊಂಡ್ರಾ?" ಎಂದಳು ಹೆಂಡತಿ, ಭುಜದ ಮೇಲಿನಿಂದ ಇಣುಕಿ.

ಬೈಗುಳ ಅಂತೆ ಬೈಗುಳ! ಹೈಯರ್ ಗ್ರೇಡಿನವರು ಕೇಳಬೇಕಾಗಿದ್ದ ಪ್ರಶ್ನೆ ಅದು. ಮೂವತ್ತು ವರ್ಷ ತಡವಾಗಿಯಾದರೂ ಕೇಳಿದರಲ್ಲ.